ಕೇಳದೆ ಹಾಕಿದ ಸಹಿ

ನನ್ನ ಕೆಲಸ ಹಾಡು ಕೇಳುವುದಾಗಿತ್ತು. ಹೀಗೆಂದರೆ ಜನ ನಗುತ್ತಾರೆ. "ಕುಂತಲ್ಲೇ ಕುಂತು ಹಾಡು ಕೇಳಿ ಪಗಾರ ತಗೊಂಡಾಕಿ ನೀ ಒಬ್ಬಾಕಿನೇ ನೋಡವಾ" ಎಂದು ನನ್ನ ನಾದಿನಿ ಇವತ್ತಿಗೂ ಚೇಷ್ಟೆ ಮಾಡುತ್ತಾಳೆ. ಮಾಡಲಿ. ನಾಸಿಕದ ಅಂಬಡ್‌ನಲ್ಲಿ ಒಂದು ಸಣ್ಣ ಕಾರ್ಖಾನೆಯಲ್ಲಿ ಅಂಗೈಯಗಲದ ಪ್ಲೇಯರ್‌ಗಳನ್ನು ತಯಾರಿಸುತ್ತಿದ್ದರು. ಭಜನೆ, ವಚನ, ಅಭಂಗ ಎಲ್ಲ ತುಂಬಿಟ್ಟ ಪೆಟ್ಟಿಗೆ. ಅದು ಅಂಗಡಿಗೆ ಹೋಗುವ ಮೊದಲು ಕಿವಿಗೆ ಹಚ್ಚಿ, ಗುಂಡಿ ಒತ್ತಿ, ಬೀಳಿಸಿ, ಎತ್ತಿ, ಎಲ್ಲ ಸರಿ ಇದೆ ಎನಿಸಿದರೆ ರಿಜಿಸ್ಟರ್‌ನಲ್ಲಿ ಸಹಿ ಹಾಕುವುದು ನನ್ನ ಕೆಲಸ.

ಈಗ ಬಿಟ್ಟಿದ್ದೇನೆ. ಆದರೂ ಇಂಥ ಕೆಲಸಕ್ಕೆ ಹೊಸದಾಗಿ ಸೇರುವ ಹೆಣ್ಣುಮಕ್ಕಳು ಆಗೀಗ ಬಂದು ಕೇಳುತ್ತಾರೆ, ಹೇಗಿರುತ್ತದೆ, ಕಷ್ಟವೇ ಎಂದು. ಅವರಿಗೆಂದೇ ಬರೆಯುತ್ತಿದ್ದೇನೆ. ಕಷ್ಟವೇನಿಲ್ಲ. ಬಿಸಿಲಿಲ್ಲ, ಭಾರವಿಲ್ಲ. ಆದರೆ ನಾನು ಒಂದೇ ಒಂದು ಸಲ ಕೇಳದೆ ಸಹಿ ಹಾಕಿದೆ. ಅದರಿಂದ ನಾಗಮ್ಮ ಎಂಬ ಹೆಂಗಸಿನ ಹಾಡುಗಳೆಲ್ಲ ಹೋದವು. ಅವು ಮತ್ತೆ ಸಿಗುವುದಿಲ್ಲ. ಇದನ್ನು ಬಿಟ್ಟು ಉಳಿದದ್ದನ್ನೆಲ್ಲ ಚಂದವಾಗಿ ಹೇಳಿದರೆ ಅದು ಇನ್ನೊಂದು ಸುಳ್ಳು ಸಹಿ ಹಾಕಿದಂತೆ.

ನಾನು ಭಾಲ್ಕಿ ಕಡೆಯವಳು. ಯಜಮಾನರು ಅಂಬಡ್‌ನಲ್ಲಿ ಮೋಟಾರಿನ ಬಿಡಿಭಾಗ ಮಾಡುವಲ್ಲಿ ಕೆಲಸಕ್ಕಿದ್ದರು. ಮದುವೆಯಾಗಿ ಬಂದಮೇಲೆ ಎಷ್ಟೋ ವರ್ಷ ನಾನು ಮನೆಯಲ್ಲೇ ಇದ್ದೆ. ಬೆಳಿಗ್ಗೆ ಲಿಂಗಪೂಜೆ, ಅಡುಗೆ, ಬಟ್ಟೆ, ಸಂಜೆ ದೀಪ. ನನಗೆ ಅದರಲ್ಲಿ ಯಾವ ಕೊರತೆಯೂ ಇರಲಿಲ್ಲ. ಒಂದು ದಿನ ಯಜಮಾನರು ಬಂದು, ಪಕ್ಕದ ಗಲ್ಲಿಯ ಕಾರ್ಖಾನೆಗೆ ಕನ್ನಡ ಬಲ್ಲವರು ಬೇಕಂತೆ ಎಂದರು. ಬೀದರ, ಕಲಬುರಗಿ, ಸೊಲ್ಲಾಪುರದ ಕಡೆ ಮಾರಲು ಕನ್ನಡ ಪೆಟ್ಟಿಗೆ ಮಾಡುತ್ತಿದ್ದರು. ಒಳಗೆ ಯಾವ ಹಾಡು ಎಲ್ಲಿದೆ ಎಂದು ಅಲ್ಲಿ ಒಬ್ಬರಿಗೂ ತಿಳಿಯುತ್ತಿರಲಿಲ್ಲ.

ತಪಾಸಣೆಯ ಮೇಲಧಿಕಾರಿ ಅಹಿರರಾವ್ ಸಾಹೇಬರು ಖಾನದೇಶದವರು. ದಪ್ಪ ಕನ್ನಡಕ, ಸಣ್ಣ ದನಿ. ನನ್ನ ಓದು ಬರಹ ಏನನ್ನೂ ಕೇಳಲಿಲ್ಲ. ಕಿವಿಗೆ ಹೆಡ್‌ಫೋನ್ ಹಾಕಿ, "ಹೆ ಕಾಯ್ ಆಹೆ?" ಎಂದರು, ಇದೇನು ಎಂದು.

ಕೇಳಿ, "ಸಾಹೇಬ, ಇದು ಮಂಗಳ. ಪೂಜೆ ಮುಗಿದ ಮೇಲೆ ಹಾಡುವುದು. ಆದರೆ ಅರ್ಧಕ್ಕೇ ತುಂಡಾಗಿದೆ, ಅಪಶಕುನ" ಎಂದು ನನ್ನ ಹರಕು ಮರಾಠಿಯಲ್ಲಿ ಹೇಳಿದೆ.

ಅವರು ಪಕ್ಕದಲ್ಲಿದ್ದವರಿಗೆ, "ನೋಡಿ, ಎರಡು ತಿಂಗಳಿಂದ ಇದನ್ನೇ ಮಾರುತ್ತಿದ್ದೇವೆ" ಎಂದರು. ಮರುದಿನದಿಂದ ಬರಲು ಹೇಳಿದರು.

ಕೆಲಸದ ರೀತಿ ಹೀಗಿತ್ತು. ಒಂದು ಲಾಟಿನಲ್ಲಿ, ಎಂದರೆ ಒಂದೇ ಸಲಕ್ಕೆ ತಯಾರಾಗಿ ಬಂದ ಪೆಟ್ಟಿಗೆಗಳಲ್ಲಿ, ಐದನ್ನು ಕಣ್ಣು ಮುಚ್ಚಿ ಎತ್ತಿಕೊಳ್ಳಬೇಕು. ಪ್ರತಿಯೊಂದರಲ್ಲೂ ಹಾಡಿನ ಮೊದಲ ಹತ್ತು ಸೆಕೆಂಡು, ನಡುವಿನದು ಹತ್ತು, ಕೊನೆಯದು ಹತ್ತು. ಎಡಕಿವಿ, ಬಲಕಿವಿ ಬೇರೆ ಬೇರೆ. ಆಮೇಲೆ ಸೊಂಟದೆತ್ತರದಿಂದ ಬೀಳಿಸುವುದು. ಐದೂ ಸರಿಯಿದ್ದರೆ ಇಡೀ ಲಾಟು ಸರಿ. ನನ್ನ ಮೇಜು ಕಿಟಕಿಯ ಹತ್ತಿರ ಇತ್ತು, ಕುರ್ಚಿಗೆ ಬೆನ್ನು ಇತ್ತು. ಪಕ್ಕದ ಹೆಂಗಸರು ಸ್ಟೂಲಿನ ಮೇಲೆ ಕೂತು ಬೆಸುಗೆ ಹಾಕುತ್ತಿದ್ದರು. ಬೆನ್ನಿರುವ ಕುರ್ಚಿ ಕೊಟ್ಟೆಯಲ್ಲ ಶಿವನೇ ಎಂದು ದಿನವೂ ಕೂರುವ ಮೊದಲು ಅದನ್ನು ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತಿದ್ದೆ.

ಪರೀಕ್ಷೆಗೆ ನನ್ನದೂ ಒಂದೆರಡು ಸೇರಿಸಿದೆ. ನಮ್ಮ ಹೆಂಗಸರು ಈ ಪೆಟ್ಟಿಗೆಯನ್ನು ಎಲ್ಲಿಡುತ್ತಾರೆ? ಒಲೆಯ ಪಕ್ಕ. ಯಾವ ಕೈಯಿಂದ ಗುಂಡಿ ಒತ್ತುತ್ತಾರೆ? ರೊಟ್ಟಿ ತಟ್ಟುವ ಕೈಯಿಂದ. ಹಾಗಾಗಿ ನಾನು ಮನೆಯಿಂದ ಜೋಳದ ಹಿಟ್ಟು ಡಬ್ಬಿಯಲ್ಲಿ ತಂದು, ಕೈ ಒದ್ದೆ ಮಾಡಿ, ಹಿಟ್ಟಿನಲ್ಲಿ ಅದ್ದಿ ಗುಂಡಿ ಒತ್ತುತ್ತಿದ್ದೆ. ಪಕ್ಕದ ಮೇಜಿನ ಸುನೀತಾ, ದೇವಳಾಲಿಯವಳು, "ಗೌರಾಬಾಯಿ, ಭಾಕ್ರಿ ಯಾವಾಗ ಬೇಯುತ್ತದೆ?" ಎಂದು ಗೇಲಿ ಮಾಡುತ್ತಿದ್ದಳು. ಮೂರನೇ ದಿನ ಎರಡು ಪೆಟ್ಟಿಗೆಗಳ ಗುಂಡಿ ಒಳಗೇ ಸಿಕ್ಕಿಕೊಂಡವು. ಸಾಹೇಬರು ಬಂದು ನೋಡಿ ಹಿಟ್ಟಿನ ಪರೀಕ್ಷೆಯನ್ನು ತಮ್ಮ ಕಾಗದದಲ್ಲಿ ಬರೆದುಕೊಂಡರು. ಆಮೇಲೆ ಸಿಮೆಂಟಿನ ಪುಡಿಯ ಪರೀಕ್ಷೆಯೂ ಸೇರಿತು. ಕಟ್ಟಡದ ಕೆಲಸದವರು ನಮ್ಮ ದೊಡ್ಡ ಗಿರಾಕಿಗಳಾಗಿದ್ದರಲ್ಲ.

ತಪ್ಪುಗಳೂ ಆದವು. ಒಮ್ಮೆ ಬೆಳಗಿನ ಹಾಡುಗಳ ಸಾಲಿನ ಮೊದಲಿಗೇ, ಯಾರಾದರೂ ತೀರಿಕೊಂಡಾಗ ಹಾಡುವ ಪದ ಬಂದುಬಿಟ್ಟಿತ್ತು. ಮೊದಲ ಹತ್ತು ಸೆಕೆಂಡು ಬರೀ ಏಕತಾರಿ, ತಾಳ. ನಾನು ಚಂದವಿದೆ ಎಂದು ಮುಂದೆ ಹೋಗಿದ್ದೆ. ಬೀದರದ ಒಬ್ಬ ಕಿರಾಣಿ ಶೆಟ್ಟರು ಫೋನು ಮಾಡಿದರು.

"ಏನ್ರೀ ತಾಯಿ, ಷಟರ್ ಎತ್ತಿ ಊದಿನಕಡ್ಡಿ ಹಚ್ಚೀನಿ. ಇನ್ನಾ ಒಂದು ಗಿರಾಕಿ ಬಂದಿಲ್ಲ, ನಿಮ್ಮ ಡಬ್ಬಿ ನನ್ನ ಮಣ್ಣಿಗಿ ಇಡ್ಲತದಲ್ರೀ!"

"ತಪ್ಪಾಯ್ತ್ರಿ ಅಣ್ಣಾ, ಬದ್ಲಿ ಕೊಡ್ತೀವ್ರಿ."

"ಬದ್ಲಿ ಕೊಡ್ರಿ, ಮೊದ್ಲ ನನ್ನ ಮನ್ಯಾಕಿಗಿ ಸಮಾಧಾನ ಮಾಡ್ರಿ. ಕುಂತು ಅಳ್ಲತಾಳ."

ಆ ಹೆಂಗಸಿನ ಜೊತೆ ಅರ್ಧ ಗಂಟೆ ಮಾತಾಡಿದೆ. ಕೊನೆಗೆ ಇಬ್ಬರೂ ನಕ್ಕೆವು. ಆಗ ತಪ್ಪು ಮಾಡಿದರೆ ನಗಲು ಬರುತ್ತಿತ್ತು. ತಪ್ಪು ಮಾಡಿದರೂ ಬದಲಿ ಕೊಡಬಹುದಾಗಿತ್ತು.

ಅವತ್ತು ಅಹಿರರಾವ್ ಸಾಹೇಬರು ನನ್ನನ್ನು ಕರೆದು ಒಂದು ಮಾತು ಹೇಳಿದರು. "ಬಾಯಿ, ಕಾನಾಲಾ ಭಕ್ತಿ ನಸಾವೀ." ಕಿವಿಗೆ ಭಕ್ತಿ ಇರಬಾರದು. ನೀವು ಹಾಡು ಕೇಳಬೇಡಿ, ಹಾಡಿನೊಳಗಿನ ಖರಖರ ಕೇಳಿ, ಗುಂಯ್ ಎನ್ನುವುದನ್ನು ಕೇಳಿ, ಕತ್ತರಿಸಿದ್ದನ್ನು ಕೇಳಿ. ಹಾಡು ಯಾವುದೆಂದು ಹೆಸರು ನೋಡಿ, ಸರಿಯೋ ತಪ್ಪೋ ಹೇಳಿ, ಮುಂದೆ ಹೋಗಿ. ಮನಸ್ಸು ಹಾಡಿನ ಹಿಂದೆ ಹೋಯಿತೋ, ತಪ್ಪು ಕಣ್ಣುತಪ್ಪಿಸಿ ಹೋಯಿತು.

ಇದನ್ನು ಕಲಿಯಲು ನನಗೆ ವರ್ಷ ಹಿಡಿಯಿತು. ಕಲಿತ ಮೇಲೆ ಮರೆಯಲು ಆಗಲಿಲ್ಲ. ಮನೆಯಲ್ಲಿ ಪೂಜೆಗೆ ಕೂತರೂ ಗಂಟೆಯ ನಾದದಲ್ಲಿ ಒಡಕು ಹುಡುಕುತ್ತಿದ್ದೆ. ಹೊಸಬರು ಇದನ್ನು ಮೊದಲೇ ತಿಳಿದುಕೊಂಡಿರಲಿ. ಈ ಕೆಲಸ ನಿಮ್ಮ ಕಿವಿಯನ್ನು ತೆಗೆದುಕೊಳ್ಳುತ್ತದೆ. ಕಿವುಡು ಮಾಡುವುದಿಲ್ಲ, ಬೇರೆ ಮಾಡುತ್ತದೆ.

ಒಂದು ವಿಷಯದಲ್ಲಿ ಮಾತ್ರ ನಾನು ಸಾಹೇಬರ ಮಾತು ಮೀರಿದೆ. ಮಂಗಳದ ಹಾಡನ್ನು ನಡುವೆ ನಿಲ್ಲಿಸುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಮಂಗಳ ಶುರುವಾದರೆ ಮುಗಿಯುವ ತನಕ ಯಾರೂ ಏಳುವುದಿಲ್ಲ. ಒಲೆಯ ಮೇಲೆ ಹಾಲು ಉಕ್ಕಿದರೂ ಏಳುವುದಿಲ್ಲ. ಪೆಟ್ಟಿಗೆಯಲ್ಲಿ ಪ್ರತಿ ಸಾಲಿನ ಕೊನೆಗೆ ಒಂದು ಮಂಗಳವಿರುತ್ತಿತ್ತು. ಅದು ಬಂದಾಗ ನಾನು ಕೈ ಜೋಡಿಸಿ ಪೂರ್ತಿ ಕೇಳುತ್ತಿದ್ದೆ. ಸುನೀತಾ ಗಡಿಯಾರ ನೋಡಿ, "ಗೌರಾಬಾಯಿಯ ಸಮಾಧಿ ಶುರುವಾಯಿತು" ಎನ್ನುತ್ತಿದ್ದಳು. ಸಣ್ಣ ಪೆಟ್ಟಿಗೆಗಳಿದ್ದಾಗ ಅದರಿಂದ ನಷ್ಟವೇನೂ ಆಗಲಿಲ್ಲ. ಊಟದ ಹೊತ್ತನ್ನು ಕಡಿಮೆ ಮಾಡಿ ಸರಿಪಡಿಸಿಕೊಳ್ಳುತ್ತಿದ್ದೆ.

ಈಗ ನಾಗಮ್ಮನ ಬಗ್ಗೆ. ಅವಳು ಆಳಂದ ಕಡೆಯವಳು, ನನಗಿಂತ ಸ್ವಲ್ಪ ದೊಡ್ಡವಳು. ಮಗ ಮಲ್ಲು ಕಟ್ಟಡಗಳಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದ, ಅವಳೂ ಕೈಲಾಗುವ ತನಕ ಪುಟ್ಟಿ ಹೊತ್ತವಳು. ಪಾಥರ್ಡಿ ನಾಕಾದ ಹತ್ತಿರ ಅವರ ತಗಡಿನ ಮನೆಗಳಿದ್ದವು. ಅಲ್ಲಿ ಸೋಮವಾರ ಸಂಜೆ ಭಜನೆ. ನಾನು ಹೋಗುತ್ತಿದ್ದೆ. ನಾಗಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ಊರಲ್ಲಿ ಒಬ್ಬ ಮುದುಕ ಗುರುವಿನಿಂದ ಬಾಯಿಂದ ಬಾಯಿಗೆ ಕಲಿತ ತತ್ವಪದಗಳು ಅವಳ ಹತ್ತಿರ ಇದ್ದವು. ಆ ಗುರು ತೀರಿಕೊಂಡಿದ್ದರು. ಜೊತೆಗೆ ಕಲಿತ ಇನ್ನೊಬ್ಬನೂ ಹೋಗಿದ್ದ. ಬೇರೆ ಯಾವ ಭಜನೆಯಲ್ಲೂ ನಾನು ಆ ಪದಗಳನ್ನು ಕೇಳಿಲ್ಲ, ನಮ್ಮ ಪೆಟ್ಟಿಗೆಗಳಲ್ಲೂ ಇರಲಿಲ್ಲ. ಮಲ್ಲುವಿಗೆ ಅರ್ಥವಾಗುತ್ತಿತ್ತು, ಹಾಡಲು ಬರುತ್ತಿರಲಿಲ್ಲ. ಮೊಮ್ಮಕ್ಕಳು ಅಜ್ಜಿಗೆ ಮರಾಠಿಯಲ್ಲೇ ಉತ್ತರ ಕೊಡುತ್ತಿದ್ದರು.

"ಇವಕ್ಕ ಕಲಿಸ್ಬೇಕಂದ್ರ 'ಅಜ್ಜೀ, ಕಾರ್ಟೂನ್ ಲಾಗಲಂಯ್' ಅಂತಾವ, ಟಿವ್ಯಾಗ ಕಾರ್ಟೂನ್ ಹತ್ಯಾದಂತ" ಎಂದು ನಾಗಮ್ಮ ನಗುತ್ತಿದ್ದಳು. "ನನ್ ಸಂಗಾಟೇ ಹೋಗ್ತಾವ ಬಿಡು ಗೌರಾ ಇವು. ಸುಡಾಕ ಬ್ಯಾರೆ ಕಟ್ಟಿಗಿ ಬ್ಯಾಡ."

ನಾನು ನಿವೃತ್ತಿಯಾಗುವ ಎರಡು ವರ್ಷ ಮೊದಲು ದೊಡ್ಡ ಪ್ಲೇಯರ್ ಬಂತು. ಅಷ್ಟೇ ಗಾತ್ರ, ಆದರೆ ಒಳಗೆ ಹಿಡಿಸುವುದು ಹತ್ತು ಪಟ್ಟು. ಅರ್ಧದಷ್ಟೇ ಹಾಡು ತುಂಬಿ ಕೊಡುವುದು, ಉಳಿದ ಜಾಗದಲ್ಲಿ ಗಿರಾಕಿ ತನಗೆ ಬೇಕಾದ್ದನ್ನು ಧ್ವನಿಮುದ್ರಣ ಮಾಡಿಕೊಳ್ಳಬಹುದು. ಇದರ ಜೋಡಣೆ ಸಂಭಾಜಿನಗರದ ವಾಳೂಜ್‌ನಲ್ಲಿ. ತಪಾಸಣೆಗೆ ನನ್ನನ್ನು ಅಲ್ಲಿಗೆ ಕಳಿಸಿದರು. ನಾದಿನಿಯ ಮನೆ ಅಲ್ಲೇ ಇತ್ತು, ಅದೂ ಒಂದು ದಯೆ. ಮಂಗಳವಾರ ಬೆಳಿಗ್ಗೆ ಬಸ್ಸು ಹತ್ತುವುದು, ಶನಿವಾರ ನಾಲ್ಕು ಗಂಟೆಯ ಬಸ್ಸಿಗೆ ಮರಳುವುದು, ಸೋಮವಾರ ಅಂಬಡ್‌ನಲ್ಲಿ ರಿಜಿಸ್ಟರ್ ಒಪ್ಪಿಸಿ ಸಂಜೆ ಭಜನೆಗೆ ಹೋಗುವುದು.

ದೊಡ್ಡ ಪ್ಲೇಯರ್‌ಗೆ ಹಳೆಯ ರೀತಿ ಸಾಲದು ಎಂದು ಅಹಿರರಾವ್ ಸಾಹೇಬರು ನನ್ನನ್ನು ಎದುರಿಗೆ ಕೂರಿಸಿಕೊಂಡು ತಿಳಿಸಿದರು. ಒಳಗೆ ಹಾಡು ಹಿಡಿದಿಡುವ ಮೆಮೊರಿ ಚಿಪ್ಪು ಹೊರಗಿನವರಿಂದ ಬರುತ್ತಿತ್ತು. ಅದರಲ್ಲಿ ಮೋಸದ್ದೂ ಬೆರೆತಿರುತ್ತದೆ. ಮೋಸದ ಚಿಪ್ಪು ತನ್ನಲ್ಲಿ ಬಹಳ ಜಾಗವಿದೆ ಎಂದು ತೋರಿಸುತ್ತದೆ. ನಿಜವಾದ ಜಾಗ ಮುಗಿದರೂ ಹೇಳುವುದಿಲ್ಲ. ತಿರುಗಿ ಮೊದಲಿಗೆ ಬಂದು, ಹಳೆಯ ಹಾಡಿನ ಮೇಲೆಯೇ ಹೊಸ ಹಾಡು ಬರೆಯುತ್ತದೆ. ಬರೆದ ಕೂಡಲೇ ಕೇಳಿದರೆ ಹೊಸದು ಚೆನ್ನಾಗಿಯೇ ಕೇಳಿಸುತ್ತದೆ. ಹಳೆಯದರ ಹೆಸರೂ ಪಟ್ಟಿಯಲ್ಲಿ ಹಾಗೇ ಇರುತ್ತದೆ. ಒಳಗೆ ಹಾಡು ಮಾತ್ರ ಇರುವುದಿಲ್ಲ.

"ಅದಕ್ಕೇ, ಅಂಚಿನ ತನಕ ತುಂಬಿ. ತುಂಬಿದ ಮೇಲೆ ಮತ್ತೆ ಮೊದಲಿಗೆ ಹೋಗಿ ಮೊದಲ ಸಾಲಿನ ಹಾಡುಗಳನ್ನು ಕೇಳಿ. ಅದೊಂದೇ ದಾರಿ" ಎಂದರು.

ತುಂಬಲು ಶುಕ್ರವಾರ ಇಡೀ ದಿನ ಬೇಕಾಗುತ್ತಿತ್ತು. ಶನಿವಾರ ಕೇಳುವುದು. ತುಂಬಿದ ಪ್ಲೇಯರ್ ಚಾಲೂ ಮಾಡಿದರೆ ತನ್ನ ಹಾಡುಗಳನ್ನೆಲ್ಲ ಒಮ್ಮೆ ಎಣಿಸಿಕೊಳ್ಳುತ್ತದೆ. ಪರದೆಯ ಮೇಲೆ ಒಂದು ಚಕ್ರ ತಿರುಗುತ್ತಿರುತ್ತದೆ, ಕಾಲು ಗಂಟೆಗಿಂತ ಹೆಚ್ಚು. ಕಲೆಸಿಹೋಗಬಾರದೆಂದು ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಇಡಬೇಕೆಂದು ನಿಯಮ.

ಆ ಶನಿವಾರ ನನ್ನ ಪಾಲಿಗೆ ಐದಿದ್ದವು. ಒಂದಾದ ಮೇಲೊಂದು ಚಕ್ರ ತಿರುಗಿಸಿ, ಮೊದಲ ಸಾಲು ಕೇಳಿ, ಸಾಲಿನ ಕೊನೆಗೆ ಮಂಗಳ ಬಂದಾಗ ಕೈ ಜೋಡಿಸಿ ಪೂರ್ತಿ ಕೇಳಿದೆ. ಅದೊಂದು ಉದ್ದನೆಯ ಮಂಗಳ, ಏಳು ನಿಮಿಷದ್ದು. ನಾಲ್ಕು ಪೆಟ್ಟಿಗೆ, ನಾಲ್ಕು ಸಲ. ನಾಲ್ಕೂ ಸರಿಯಿದ್ದವು. ಐದನೆಯದನ್ನು ಚಾಲೂ ಮಾಡಿದಾಗ ಮೂರು ಗಂಟೆ ದಾಟಿತ್ತು. ಚಕ್ರ ತಿರುಗುತ್ತಿತ್ತು. ಬಸ್ ನಿಲ್ದಾಣಕ್ಕೆ ರಿಕ್ಷಾ ಸಿಗಬೇಕು. ನಾಲ್ಕರ ಬಸ್ಸಿಗೆ ಮೊದಲೇ ಹೋದರೆ ಕೂರಲು ಜಾಗ; ತಡವಾದರೆ ನಿಫಾಡದ ತನಕ ನಿಂತೇ ಹೋಗಬೇಕು. ನನ್ನ ಮೊಣಕಾಲು ಆಗಲೇ ಬಾತಿತ್ತು.

ನಾನು ಚಕ್ರ ನೋಡಿದೆ, ಗಡಿಯಾರ ನೋಡಿದೆ. ನಾಲ್ಕು ಸರಿಯಿದ್ದ ಮೇಲೆ ಐದನೆಯದೂ ಸರಿಯೇ ಇರುತ್ತದೆ ಎಂದುಕೊಂಡೆ. 'ತುಂಬಿದೆ, ಮೊದಲಿಂದ ಕೇಳಿದೆ, ಸರಿ' ಎಂದು ಐದು ಸಲ ಬರೆದು ಸಹಿ ಹಾಕಿದೆ. ಎದ್ದಾಗಲೂ ಚಕ್ರ ತಿರುಗುತ್ತಲೇ ಇತ್ತು.

ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ವೈಜಾಪುರ ದಾಟಿದ ಮೇಲೆ ತಂಗಾಳಿ. ನಿಫಾಡದ ದ್ರಾಕ್ಷಿ ತೋಟಗಳ ಮೇಲೆ ಹೊತ್ತು ಇಳಿಯುತ್ತಿತ್ತು. ಶಿವನೇ, ಕೂರಲು ಜಾಗ ಕೊಟ್ಟೆಯಪ್ಪಾ ಎಂದು ಹಣೆಗೆ ಕೈ ಹಚ್ಚಿದೆ. ನಾನು ಅವತ್ತು ದೇವರಿಗೆ ನಿಜವಾಗಿಯೂ ಉಪಕಾರ ಸ್ಮರಿಸಿದ್ದೆ.

ಕೆಲವೇ ವಾರಗಳಲ್ಲಿ ನನ್ನ ನಿವೃತ್ತಿ. ಶಾಲು ಹೊದಿಸಿದರು, ತೆಂಗಿನಕಾಯಿ ಕೊಟ್ಟರು, ನಾನೇ ಸಹಿ ಹಾಕಿದ ಆ ಲಾಟಿನಿಂದ ಒಂದು ದೊಡ್ಡ ಪ್ಲೇಯರ್ ಕೊಟ್ಟರು. ಸುನೀತಾ ಅತ್ತಳು. ನಾನು ಆ ಪೆಟ್ಟಿಗೆಯನ್ನು ಹೊಸ ವಸ್ತ್ರದಲ್ಲಿ ಸುತ್ತಿ ದೇವರ ಜಗಲಿಯ ಮೇಲಿಟ್ಟೆ.

ಅದಾಗಿ ಸ್ವಲ್ಪ ದಿನಕ್ಕೆ ನಾಗಮ್ಮನ ಗಂಟಲು ಕಟ್ಟಿತು. ಶೀತವೆಂದು ಕಷಾಯ ಕುಡಿದಳು. ಎರಡು ತಿಂಗಳಾದರೂ ಬಿಡಲಿಲ್ಲ. ದವಾಖಾನೆಯಲ್ಲಿ ತುಂಡು ತೆಗೆದು ನೋಡಿ, ಧ್ವನಿಪೆಟ್ಟಿಗೆಯಲ್ಲಿ ಗಡ್ಡೆ ಎಂದರು. ಪೂರ್ತಿ ತೆಗೆಯಬೇಕು, ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ. ಹನ್ನೆರಡು ದಿನದ ನಂತರ ಶಸ್ತ್ರಚಿಕಿತ್ಸೆ.

ಮಲ್ಲು ಹೊರಗೆ ಮೆಟ್ಟಿಲ ಮೇಲೆ ಕೂತು ತಲೆ ಹಿಡಿದುಕೊಂಡಿದ್ದ. ನಾಗಮ್ಮ ಮಾತ್ರ ನನ್ನ ಕೈ ಹಿಡಿದು, "ಗೌರಾ, ಹನ್ನೆರಡ್ ದಿನ್ದಾಗ ಎಷ್ಟು ಪದ ಹಾಡ್ಲಿಕ್ ಬರ್ತದ?" ಎಂದಳು.

ಆಗ ನಾನು ಹೇಳಿದ ಮಾತು ನನಗೆ ಅಕ್ಷರ ಅಕ್ಷರ ನೆನಪಿದೆ. "ಅಕ್ಕಾ, ನನ್ ಹಂತ್ಯಾಕ ದೊಡ್ಡ ಪ್ಲೇಯರ್ ಅದ. ನಾನೇ ತಪಾಸ್ ಮಾಡೀನಿ. ನಿನ್ನ ಎಲ್ಲಾ ಪದ ಅದರಾಗ ಕುಂದರ್ತಾವ, ಒಂದೂ ಹೋಗಂಗಿಲ್ಲ."

ದಿನವೂ ಮುಂಜಾನೆ ಎರಡು ತಾಸು, ಮಧ್ಯಾಹ್ನ ಎರಡು ತಾಸು. ಜಾಗ ಬಹಳ ಇದೆ ಎಂದು ನಾನು ಅತ್ಯುತ್ತಮ ಗುಣಮಟ್ಟಕ್ಕೇ ಹೊಂದಿಸಿಟ್ಟೆ. ಅದರಿಂದ ಜಾಗ ಬೇಗ ತುಂಬುತ್ತದೆಂದು ಗೊತ್ತಿದ್ದೂ ಇಟ್ಟೆ, ಅಷ್ಟು ನಂಬಿಕೆ ನನಗೆ. ನಾಗಮ್ಮ ಗೋಡೆಗೆ ಒರಗಿ, ಕೊರಳಿಗೆ ಶಾಲು ಸುತ್ತಿಕೊಂಡು, ಏಕತಾರಿ ಹಿಡಿದು ಕೂರುತ್ತಿದ್ದಳು. ಒಡೆದ ದನಿ, ಆದರೂ ಸ್ವರ ತಪ್ಪುತ್ತಿರಲಿಲ್ಲ. ಪ್ರತಿ ಪದದ ಮೊದಲ ಸಾಲನ್ನು ನಾನು ಹೆಸರಾಗಿ ಪಟ್ಟಿಯಲ್ಲಿ ಬರೆಯುತ್ತಿದ್ದೆ. ಅವಳು ಹಾಡುವಾಗ ನಾನು ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಿದ್ದೆ. ಮುಗಿದ ಮೇಲೆ ಮೊದಲ ಹತ್ತು ಸೆಕೆಂಡು, ನಡುವೆ ಹತ್ತು, ಕೊನೆಗೆ ಹತ್ತು. ಸರಿ. ಮುಂದಿನದು.

"ನೀ ಕೇಳ್ಲತಿ ಏನು, ಇಲ್ಲಾ ನನ್ ಗಂಟಲ ತಪಾಸ್ ಮಾಡ್ಲತಿ?" ಎಂದು ಒಮ್ಮೆ ನಾಗಮ್ಮ ಕೇಳಿದಳು.

"ಆಮ್ಯಾಲ ಕೇಳ್ತೀನಕ್ಕಾ, ಜನ್ಮಪೂರಾ ಕೇಳ್ತೀನಿ. ಈಗ ನೀ ಹಾಡು" ಎಂದೆ.

ಹನ್ನೆರಡನೆಯ ದಿನ ಅವಳಿಗೆ ಹಾಡಲು ಆಗಲಿಲ್ಲ. ಎರಡು ಪದ ಅರ್ಧರ್ಧಕ್ಕೆ ನಿಂತವು. ಕೆಮ್ಮು. ಪ್ಲೇಯರ್ ನಡೆಯುತ್ತಲೇ ಇತ್ತು. ಮಲ್ಲು ಚಹಾ ತರಲು ತಡಮಾಡಿದ. ಅವಳು ಬೈದಳು. ಅಲ್ಲಿಗೆ ನಿಲ್ಲಿಸಿದೆ.

ಶಸ್ತ್ರಚಿಕಿತ್ಸೆ ಆಯಿತು. ಜೀವ ಉಳಿಯಿತು. ಕೊರಳಲ್ಲಿ ಒಂದು ರಂಧ್ರ, ಅದರಿಂದ ಉಸಿರು. ಮನೆಗೆ ಬಂದ ಮೊದಲ ಸೋಮವಾರ ಎಲ್ಲರೂ ಸೇರಿದರು. ನಾಗಮ್ಮನನ್ನು ನಡುವೆ ಕೂರಿಸಿ, ಪೆಟ್ಟಿಗೆ ಅವಳ ಮುಂದಿಟ್ಟು, ಊದಿನಕಡ್ಡಿ ಹಚ್ಚಿ, ನಾನೇ ಗುಂಡಿ ಒತ್ತಿದೆ. ಪಟ್ಟಿಯಲ್ಲಿ ಮೊದಲ ಪದದ ಹೆಸರು ಇತ್ತು. ಒಂದು ಕ್ಷಣ ಖರ್ ಎಂದಿತು. ಆಮೇಲೆ ಕೆಮ್ಮು ಕೇಳಿಸಿತು. ಎರಡನೆಯದನ್ನು ಒತ್ತಿದೆ. ಏನೂ ಇಲ್ಲ. ಮೂರನೆಯದು, ಯಾವುದೋ ಪದದ ತುಣುಕು, ಮತ್ತೆ ಖರ್. ಎಲ್ಲ ಒತ್ತಿದೆ. ಹೆಸರು ಒಂದೂ ತಪ್ಪಿರಲಿಲ್ಲ. ಕೊನೆಗೆ ಪೂರ್ತಿಯಾಗಿ ಕೇಳಿಸಿದ್ದು ಒಂದೇ:

"ಚಾ ತಾರಲೇ ಅಂದ್ರ ಎಲ್ಲಿ ಹೋಗಿ ಸತ್ತಿಯೋ ಮಲ್ಯಾ! ನನ್ ಜೀವ ಹೋದ ಮ್ಯಾಲ ತರ್ತಿ ಏನು?"

ಮಕ್ಕಳು ಅಜ್ಜಿಯ ದನಿ ಕೇಳಿ ನಕ್ಕವು. ಉಳಿದವರು ನನ್ನ ಮುಖ ನೋಡಿದರು. ಮಲ್ಲು ಕೂಗಾಡಲಿಲ್ಲ. "ಮಾವಶಿ, ನೀವೇ ತಪಾಸ್ ಮಾಡೀನಿ ಅಂದಿದ್ರಿ ಅಲ್ಲಾ" ಎಂದ, ಅಷ್ಟೇ. ನಾಗಮ್ಮ ಪೆಟ್ಟಿಗೆಯನ್ನು ಎತ್ತಿ ನನ್ನ ಮಡಿಲಲ್ಲಿಟ್ಟು, ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು.

ನಾಸಿಕದ ಒಂದು ದೊಡ್ಡ ರಿಪೇರಿ ಅಂಗಡಿಗೆ ಒಯ್ದೆವು. ಅಲ್ಲಿಯ ಹೆಣ್ಣುಮಗಳು ಕಂಪ್ಯೂಟರಿಗೆ ಹಚ್ಚಿ ಬಹಳ ಹೊತ್ತು ನೋಡಿದಳು. ಇದು ಅಳಿಸಿದ್ದಲ್ಲ ಮಾವಶಿ, ಅಳಿಸಿದ್ದಾದರೆ ತೆಗೆಯಬಹುದಿತ್ತು, ಇದರ ಮೇಲೆ ಬೇರೆ ಬರೆದಿದೆ, ಮತ್ತೆ ಅದರ ಮೇಲೆ ಬರೆದಿದೆ ಎಂದಳು.

ಅಹಿರರಾವ್ ಸಾಹೇಬರ ಮನೆಗೆ ಹೋದೆ. ಅವರೂ ನಿವೃತ್ತರಾಗಿದ್ದರು. ಎಲ್ಲ ಹೇಳಿದೆ, ಚಕ್ರ, ಬಸ್ಸು, ಮಂಗಳ. ಚಿಪ್ಪು ಕೊಟ್ಟವನು ಅಂಗಡಿ ಮುಚ್ಚಿಕೊಂಡು ಹೋಗಿ ಆಗಿತ್ತು. ಆ ಲಾಟನ್ನು ಕಾರ್ಖಾನೆಯವರು ಹಿಂದಕ್ಕೆ ತರಿಸಿಕೊಂಡರು. ಅದೂ ಸಾಹೇಬರೇ ಫೋನು ಮಾಡಿ ಹೇಳಿದ ಮೇಲೆ. ಅವರು ನನ್ನನ್ನು ಬಯ್ಯಬಹುದಿತ್ತು. ಬಯ್ಯಲಿಲ್ಲ.

"ಬಾಯಿ, ಲಾಟಿನಲ್ಲಿ ಒಳ್ಳೆಯದೂ ಇತ್ತು, ಕೆಟ್ಟದ್ದೂ ಇತ್ತು. ನಿಮ್ಮ ಐದನೆಯದು ಒಳ್ಳೆಯದೇ ಆಗಿದ್ದಿರಬಹುದು. ಕೇಳಿದ್ದರೂ ನೀವು ಸಹಿಯನ್ನೇ ಹಾಕುತ್ತಿದ್ದಿರಬಹುದು."

"ಇರಬಹುದಾ ಸಾಹೇಬ?"

"ಯಾರಿಗೆ ಗೊತ್ತು? ಗೊತ್ತು ಮಾಡಿಕೊಳ್ಳಲೆಂದೇ ಅಲ್ಲವೇ ನಿಮ್ಮನ್ನು ಕೂರಿಸಿದ್ದು?"

ಚಹಾ ಕೊಟ್ಟರು. ಮಂಗಳವನ್ನು ನಡುವೆ ನಿಲ್ಲಿಸಿದ್ದರೆ ಅರ್ಧ ತಾಸು ಉಳಿಯುತ್ತಿತ್ತು. ಇದನ್ನು ದೇವರ ಮೇಲೆ ಹಾಕುವವಳು ನಾನಲ್ಲ. ಆದರೆ ಈಗ ಮನೆಯಲ್ಲಿ ಮಂಗಳ ಹಾಡುವಾಗ ನನಗೆ ಕೈ ಜೋಡಿಸಲು ಆಗುವುದಿಲ್ಲ. ಯಜಮಾನರು ಹಾಡುತ್ತಾರೆ, ನಾನು ಒಳಗೆ ಹೋಗಿ ನಿಲ್ಲುತ್ತೇನೆ.

ಪ್ರತಿ ಸೋಮವಾರ ನಾಗಮ್ಮನ ಮನೆಗೆ ಹೋಗುತ್ತೇನೆ. ಮೂರು ಸೋಮವಾರ ಅವಳು ಗೋಡೆ ಬಿಟ್ಟು ತಿರುಗಲಿಲ್ಲ. ನಾಲ್ಕನೆಯ ಸಲ ನಾನು ಸುಮ್ಮನೆ ಕೂತು ಒಂದು ಪದದ ಮೊದಲ ಸಾಲು ಹೇಳಿದೆ. ಹೆಸರಿಗೆಂದು ಬರೆದಿದ್ದೆನಲ್ಲ, ಮೊದಲ ಸಾಲುಗಳು ಸುಮಾರು ನೆನಪಿವೆ. ಉಳಿದದ್ದಿಲ್ಲ. ಯಾವ ಪದದಲ್ಲಿ ಹೊರಗೆ ಕಾಂಕ್ರೀಟಿನ ಯಂತ್ರ ಗುಂಯ್‌ಗುಟ್ಟಿತು, ಯಾವುದರಲ್ಲಿ ಏಕತಾರಿಯ ತಂತಿ ಇಳಿದಿತ್ತು, ಯಾವುದರಲ್ಲಿ ಅವಳು ಉಸಿರು ಎಳೆದುಕೊಂಡಳು, ಅದೆಲ್ಲ ಹೇಳಬಲ್ಲೆ. ಪದದ ಮಾತು ಹೇಳಲಾರೆ. ಹನ್ನೆರಡು ದಿನ ಅವಳ ಎದುರಿಗೆ ಕೂತು, ಹೆಡ್‌ಫೋನ್ ಹಾಕಿಕೊಂಡು, ನಾನು ಒಂದು ಪದವನ್ನೂ ಕೇಳಿರಲಿಲ್ಲ.

ಅವಳು ತಿರುಗಿದಳು. ತುಟಿ ಆಡಿಸಿದಳು. ತೊಡೆಯ ಮೇಲೆ ಕೈಯಿಂದ ತಾಳ. ಕೊರಳ ರಂಧ್ರದಿಂದ ಗಾಳಿ ಸುಯ್ ಎನ್ನುತ್ತಿತ್ತು. ಪದ ಪೂರ್ತಿಯಾಗಿ ನಡೆಯಿತು, ಒಂದು ಸೊಲ್ಲೂ ಹೊರಗೆ ಬರಲಿಲ್ಲ. ನಾನು ತುಟಿಯನ್ನೇ ನೋಡಿದೆ. ಒಂದು ಮಾತು ಗುರುತಾಯಿತು. ಹೇಳಿದೆ. ತಲೆಯಾಡಿಸಿದಳು. ಮರು ಸೋಮವಾರ ಇನ್ನೊಂದು ಮಾತು.

ಈಗ ನನ್ನ ಹತ್ತಿರ ಒಂದು ನೋಟ್‌ಬುಕ್ ಇದೆ. ಅದರಲ್ಲಿ ಇಷ್ಟು ತಿಂಗಳಿಗೆ ಬಂದದ್ದು ಒಂದೇ ಪದ.

ಕಟ್ಟಿದ ಮನಿಗಿನ್ನೂ ಕದ ಹಚ್ಚಿಲ್ಲ ತಂಗಿ
ಒಳಗಿನ ದೀಪಕ್ಕ ಗಾಳಿಯ ಭಯ

ಆಮೇಲೆ ಒಂದು ಸಾಲು ಖಾಲಿ.

ಮಾಳಿಗಿ ಏರ್ಯಾನ ಒಡೆಯ

ಉಳಿದ ಪದಗಳಿಗೆ ನಮ್ಮಿಬ್ಬರ ಆಯುಷ್ಯ ಸಾಲದು. ಅವಳಿಗೆ ಬೇಗ ದಣಿವಾಗುತ್ತದೆ. ಮೊನ್ನೆ ದವಾಖಾನೆಯವರು ಮತ್ತೆ ಗಡ್ಡೆ ಕಾಣುತ್ತಿದೆ ಎಂದಿದ್ದಾರೆ. ಆ ಮೂರನೆಯ ಸಾಲನ್ನು ಆರು ಸೋಮವಾರದಿಂದ ಹುಡುಕುತ್ತಿದ್ದೇವೆ.

ಮಲ್ಲುವಿನ ಹೆಂಡತಿ ರೊಟ್ಟಿ ಮಾಡುತ್ತ, "ಅತ್ತಿ ದಣಿದಾರ, ಇರ್ಲಿ ಬಿಡ್ರಿ ಗೌರಕ್ಕಾ. ನೀವೇ ಒಂದು ಸಾಲು ಜೋಡಿಸ್ರಿ. ನಿಮಗ ಬರ್ತದ. ಯಾರಿಗಿ ತಿಳೀತದ?" ಎಂದಳು. ಅವಳು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ನನಗೆ ಜೋಡಿಸಲು ಬರುತ್ತದೆ. ಇಷ್ಟು ವರ್ಷ ಇಂಥ ಪದಗಳ ನಡುವೆ ಕೂತವಳು ನಾನು. ದೀಪ, ಗಾಳಿ, ಮಾಳಿಗೆ ಇದ್ದ ಮೇಲೆ ನಡುವೆ ಏನು ಬರಬಹುದೆಂದು ಊಹಿಸುವುದು ಕಷ್ಟವಲ್ಲ. ತಾಳಕ್ಕೂ ಹೊಂದುವ ಒಂದು ಸಾಲು ನನ್ನ ಬಾಯಿಗೆ ಬಂತು. ನಾಗಮ್ಮನಿಗೆ ಹೇಳಿದೆ.

ಅವಳು ಕಣ್ಣು ಮುಚ್ಚಿದ್ದಳು. ಹೂಂ ಎನ್ನುವಂತೆ ತಲೆಯಾಡಿಸಿದಳು. ಸೊಸೆ, "ನೋಡ್ರಿ, ಒಪ್ಪಿದ್ರು, ಬರ್ಕೊಳ್ರಿ" ಎಂದಳು. ನಾನು ಪೆನ್ನು ತೆಗೆದೆ.

ತಲೆಯಾಡಿಸಿದ ಮೇಲೂ ನಾಗಮ್ಮನ ತುಟಿ ಮೆಲ್ಲಗೆ ಆಡುತ್ತಿತ್ತು. ಅದು ಆಡಿದ ಮಾತು ನಾನು ಹೇಳಿದ್ದಾಗಿರಲಿಲ್ಲ. ಯಾವುದೆಂದು ತಿಳಿಯಲಿಲ್ಲ, ನನ್ನದಲ್ಲ ಎನ್ನುವುದು ಮಾತ್ರ ಕಂಡಿತು. ಪೆನ್ನಿನ ಮುಚ್ಚಳ ಹಾಕಿ, ನೋಟ್‌ಬುಕ್ ಮುಚ್ಚಿ, ಅವಳ ಹೊದಿಕೆ ಸರಿಮಾಡಿದೆ.